ಲಿಫ್ಟಪ್ಪನಿಗೆ ಕಡಿಮೆ ಬಿದ್ದ ಎರಡು ಕೈ

ಲಿಫ್ಟು ಎಷ್ಟು ಸಲ ಮೇಲೆ ಹೋಗುತ್ತದೋ ಅಷ್ಟೇ ಸಲ ಕೆಳಗೂ ಬರುತ್ತದೆ. ಇದು ನಿಮಗೆ ಗೊತ್ತಿರಬೇಕಾದ ಸಂಗತಿ. ಗೊತ್ತಿದ್ದೂ ದೇವರ ಮಾತು ಬಂದ ಕೂಡಲೇ ಎಲ್ಲರೂ ಬೆರಳನ್ನು ಮೇಲಕ್ಕೇ ತೋರಿಸುತ್ತೀರಿ, ಆತ ಕೊನೆಯ ಮಹಡಿಯಲ್ಲಿ ಮನೆ ಮಾಡಿ ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿದ್ದಾನೆ ಎನ್ನುವ ಹಾಗೆ. ಚರ್ಚಿಗೆ ಹೋಗದವರನ್ನು ಬಿಡಿ. ಆತ ಮನುಷ್ಯನಾಗಿ ಇಳಿದು ಬಂದ ಎಂಬುದನ್ನೇ ಬುನಾದಿ ಮಾಡಿಕೊಂಡು ಪ್ರತಿ ಭಾನುವಾರ ಎದ್ದು ನಿಂತು ಅದನ್ನೇ ಒಪ್ಪಿಸುವವರಿಗೂ ತೋರುಬೆರಳು ಕೆಳಗೆ ಬಾಗುವುದಿಲ್ಲ. ಬೆರಳಿಗೆ ಅದೇನು ರೋಗವೋ.

ಈ ಬೆರಳುಗಳ ನಡುವೆ ಸಿಕ್ಕಿಕೊಂಡ ಒಬ್ಬ ಲಿಫ್ಟಿನವನಿದ್ದ. ಹೆತ್ತವರು ಇಟ್ಟ ಹೆಸರು ಅವನಿಗೂ ಒಂದಿತ್ತು. ಅದು ಸಂಬಳ ಕೊಡುವ ಗುಮಾಸ್ತನಿಗೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವನು ಲಿಫ್ಟಪ್ಪ. ಮೊದಲ ಮಹಡಿಯ ಹಲ್ಲಿನ ಡಾಕ್ಟರು, ಎರಡನೆಯದರ ವಕೀಲರು, ಮೂರರಲ್ಲಿ ಕನ್ನಡಕ ಮಾರುವವರು, ಎಲ್ಲರೂ ಹಾಗೇ ಕರೆದು ಕರೆದು, ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ ಯಾರನ್ನು ಕರೆಯುತ್ತಿದ್ದಾರಪ್ಪ ಎಂದು ಅವನೇ ಹಿಂದೆ ತಿರುಗಿ ನೋಡುವ ಹಾಗಾಗಿತ್ತು. ಮದುವೆ ಆಗಿರಲಿಲ್ಲ. ಯಾಕೆಂದು ಕೇಳಿದವರಿಗೆ, ಊರಿನವರನ್ನೆಲ್ಲ ಮೇಲೆ ಕೆಳಗೆ ಮಾಡುವುದರಲ್ಲಿ ತನ್ನ ಮಹಡಿ ಬಂದದ್ದು ಗೊತ್ತಾಗಲಿಲ್ಲ ಎನ್ನುತ್ತಿದ್ದ.

ಅವನ ಲಿಫ್ಟು ಈಗಿನ ಕಾಲದ್ದಲ್ಲ. ಮಡಚಿಕೊಳ್ಳುವ ಕಬ್ಬಿಣದ ಜಾಲರಿ ಬಾಗಿಲು, ಒಳಗೆ ಸೊಂಟದ ಎತ್ತರಕ್ಕೆ ಒಂದು ಹಿತ್ತಾಳೆಯ ಹಿಡಿಕೆ. ಬಲಕ್ಕೆ ಒತ್ತಿ ಹಿಡಿದರೆ ಮೇಲೆ, ಎಡಕ್ಕೆ ಒತ್ತಿ ಹಿಡಿದರೆ ಕೆಳಗೆ, ಬಿಟ್ಟರೆ ಅಲ್ಲೇ ಠಿಕಾಣಿ. ಜಾಲರಿ ಪೂರ್ತಿ ಮುಚ್ಚದಿದ್ದರೆ ಹಿಡಿಕೆ ಎಷ್ಟು ಒತ್ತಿದರೂ ಪೆಟ್ಟಿಗೆ ಒಂದು ಗೇಣೂ ಅಲುಗದು. ಆ ಜಾಲರಿಗೂ ಅದರದೇ ಆದ ಸಿಡುಕು. ಒಮ್ಮೆ ಸಿಕ್ಕಿಕೊಂಡರೆ ಎರಡೂ ಕೈಯಿಂದ ತುಸು ಮೇಲೆತ್ತಿ, ಬುಡಕ್ಕೆ ಕಾಲಿನಿಂದ ಸರಿಯಾಗಿ ಒಂದು ಕೊಟ್ಟರೆ ಮಾತ್ರ ದಾರಿಗೆ ಬರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ: ಎರಡೂ ಕೈ, ಒಂದು ಕಾಲು.

ಲಿಫ್ಟಪ್ಪನ ಹೆಮ್ಮೆಯೆಂದರೆ ಪೆಟ್ಟಿಗೆಯ ನೆಲವನ್ನು ಮಹಡಿಯ ನೆಲಕ್ಕೆ ಸರಿಸಮ ನಿಲ್ಲಿಸುವುದು. ಎತ್ತರದ ಹಿಮ್ಮಡಿಯ ಚಪ್ಪಲಿಯವರೂ ಕಣ್ಣು ಮುಚ್ಚಿಕೊಂಡು ಆಚೆ ಕಾಲಿಡಬಹುದಿತ್ತು. ಈ ಹೆಮ್ಮೆಗೆ ಒಂದು ದಿನ ಪಕ್ಕದಲ್ಲೇ ಸವತಿ ಬಂದು ಕೂತಳು. ಕಟ್ಟಡದ ಮಾಲೀಕರು ಗುಂಡಿ ಒತ್ತುವ ಹೊಸ ಲಿಫ್ಟು ಹಾಕಿಸಿದರು. ಅದರೊಳಗೆ ಒಬ್ಬ ಕಾಣದ ಹೆಂಗಸು "ಎರಡನೇ ಮಹಡಿ" ಎಂದು ಜೇನು ಸುರಿಯುವ ದನಿಯಲ್ಲಿ ಹೇಳುತ್ತಿದ್ದಳು. ಗೋಡೆಯ ಈಚೆಯಿಂದ ಲಿಫ್ಟಪ್ಪ "ಗೊತ್ತು ಬಿಡಮ್ಮ" ಎನ್ನುತ್ತಿದ್ದ. ಜಗಳ ಹೀಗೆ ದಿನವೂ ನಡೆಯುತ್ತಿತ್ತು. ಅವಳು ಒಂದು ದಿನವೂ ತಿರುಗಿ ಬೈಯಲಿಲ್ಲ, ಅದೇ ಅವನಿಗೆ ಇನ್ನೂ ಉರಿ. ಹಳೆಯ ಲಿಫ್ಟನ್ನು ಏನು ಮಾಡುತ್ತೀರಿ ಎಂದು ಮಾಲೀಕರನ್ನು ಕೇಳಿದರೆ "ನೋಡೋಣ" ಎಂದಿದ್ದರು. ದೊಡ್ಡವರು "ನೋಡೋಣ" ಎಂದರೆ ಅವರು ಆಗಲೇ ನೋಡಿ ಮುಗಿಸಿದ್ದಾರೆಂದು ಅರ್ಥ. ತಾನು ಯಾರಿಗೂ ಬೇಕಾಗಿಲ್ಲ ಎಂಬ ಮಾತು ಅವನ ಹೊಟ್ಟೆಯಲ್ಲಿ ನುಂಗಿದ ಗುಂಡಿಯ ಹಾಗೆ ಕೂತಿತ್ತು.

ಹೀಗಿರುವಾಗ ಅವನ ತಂಗಿಯ ಮಗಳು ಹೆತ್ತಳು. ಹೆಣ್ಣು ಮಗು. ಈ ಸೊಸೆ ಶಾಲೆ ಬಿಟ್ಟ ಮೇಲೆ ಅವನ ಲಿಫ್ಟಿನ ಮುಕ್ಕಾಲಿಯ ಮೇಲೆ ಕೂತು ಪಾಠ ಓದಿ ಬೆಳೆದವಳು. ಮಗ್ಗಿಯನ್ನು ಮೇಲೆ ಹೋಗುವಾಗ ನೇರವಾಗಿ, ಕೆಳಗೆ ಬರುವಾಗ ತಿರುಗುಮುರುಗಾಗಿ ಕಲಿತವಳು. ಆಸ್ಪತ್ರೆಯ ಹಾಸಿಗೆಯ ಮೇಲಿಂದಲೇ ಅವಳು ಹೇಳಿಬಿಟ್ಟಳು: "ಮಾವ, ಪಾಪುಗೆ ಜ್ಞಾನತಂದೆ ನೀನೇ. ಬೇರೆ ಮಾತಿಲ್ಲ."

ಜ್ಞಾನತಂದೆ ಎಂದರೆ ಚರ್ಚಿನಲ್ಲಿ ತಲೆಗೆ ನೀರು ಹಾಕುವ ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿ ಹಿಡಿದು, ಮಾತು ಬಾರದ ಆ ಜೀವದ ಪರವಾಗಿ ದೇವರಿಗೆ ಮಾತು ಕೊಡುವವನು. ಲಿಫ್ಟಪ್ಪ ಆ ದಿನ ಹೊಸ ಲಿಫ್ಟಿನ ಹೆಂಗಸಿನ ಜೊತೆ ಜಗಳವಾಡಲಿಲ್ಲ. ಅವಳು "ನೆಲ ಮಹಡಿ" ಎಂದಾಗ "ಸರಿ ತಾಯಿ" ಎಂದನಂತೆ.

ಆದರೆ ಅವರ ಚರ್ಚಿನ ಸಭೆಯಲ್ಲಿ ಒಂದು ಕಟ್ಟಳೆಯಿತ್ತು. ಮಗು ಹಿಡಿಯುವವನು ಮೊದಲು ಸಭೆಯ ಹಿರಿಯರ ಮುಂದೆ ಕೂತು, ದೇವರು ಎಂಥವನು, ಮನುಷ್ಯನನ್ನು ಯಾಕೆ ಮಾಡಿದ ಎಂಬೆರಡು ಪ್ರಶ್ನೆಗೆ ಉತ್ತರ ಹೇಳಿ ಒಪ್ಪಿಸಬೇಕು. ದೊಡ್ಡ ದೊಡ್ಡ ಪಂಡಿತರು ಕೂದಲು ಕಿತ್ತುಕೊಂಡ ಪ್ರಶ್ನೆಗಳಿವು. ಲಿಫ್ಟಪ್ಪನಿಗೆ ಕೂದಲು ಮೊದಲೇ ಕಡಿಮೆ. ಅವನು ಸೋತರೆ ಆ ಜಾಗಕ್ಕೆ ನಿಲ್ಲಲು ಒಬ್ಬ ಮಹಾಶಯ ತುದಿಗಾಲಲ್ಲಿ ಕಾಯುತ್ತಿದ್ದ. ಅವನು ಸೊಸೆಯ ಗಂಡನ ಅಣ್ಣ, ವಿಮೆ ಏಜೆಂಟ್. ಬೈಬಲಿನ ವಚನಗಳು ಅವನ ಬಾಯಲ್ಲಿ ನಲ್ಲಿ ತಿರುಗಿಸಿದ ಹಾಗೆ ಬರುತ್ತಿದ್ದವು. ಅಂತ್ಯಕಾಲದ ಬಗ್ಗೆ ಮಾತು ತೆಗೆದನೆಂದರೆ ಮೂರನೆಯ ವಾಕ್ಯಕ್ಕೆ ನಿಮ್ಮ ಕೈಯಲ್ಲಿ ಒಂದು ಪಾಲಿಸಿ. ಅವನು ಕೋಟಿಗೆ ಆಗಲೇ ಇಸ್ತ್ರಿ ಹಾಕಿಸಿಟ್ಟಿದ್ದ. "ಚಿಂತೆ ಮಾಡ್ಬೇಡಿ ಹಿರಿಯರೇ, ನಿಮ್ಮ ಕೈಲಾಗದಿದ್ರೆ ನಾನಿದ್ದೀನಲ್ಲ" ಎಂದು ಲಿಫ್ಟಪ್ಪನ ಬೆನ್ನು ತಟ್ಟಿದಾಗ, ಆ ಬೆನ್ನಿಗೆ ಅನಿಸಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಪರೀಕ್ಷೆ ಮಾಡುವವರು ಸ್ಕೇಲು ಮೇಷ್ಟ್ರು. ನಿವೃತ್ತಿಯಾದ ಹೆಡ್‌ಮಾಸ್ಟರು. ಕೆಲಸ ಬಿಟ್ಟರೂ ಮರದ ಸ್ಕೇಲು ಬಿಟ್ಟಿರಲಿಲ್ಲ. ಜೇಬಿಗೆ ಸಿಕ್ಕಿಸಿಕೊಂಡು ಮಲಗುತ್ತಾರೆಂದು ಜನ ಆಡಿಕೊಳ್ಳುತ್ತಿದ್ದರು. ಪಕ್ಕದ ಬೀದಿಯ ಚರ್ಚಿಗೆ ಬೇರೆ ಕೋಣೆಯಿಲ್ಲದ ಕಾರಣ ಇದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಬಾಡಿಗೆ ಕೋಣೆ ಹಿಡಿದು ಅವರು ಪಾಠ ನಡೆಸುತ್ತಿದ್ದರು. ಲಿಫ್ಟಪ್ಪನಿಗೂ ಅವರಿಗೂ ಒಂದು ಹಳೆಯ ಮನಸ್ತಾಪ. ಅವರು ಇಷ್ಟು ವರ್ಷದಲ್ಲಿ ಒಂದು ಸಲವೂ ಅವನ ಲಿಫ್ಟು ಹತ್ತಿದವರಲ್ಲ. ಅವನು ಜಾಲರಿ ಸರಿಸಿ ಸಲಾಮು ಹೊಡೆದರೆ "ಕಾಲಿದೆಯಪ್ಪ" ಎಂದು ಮೆಟ್ಟಿಲು ಹತ್ತುತ್ತಿದ್ದರು. ಇವರ ಭಕ್ತಿಗೆ ನನ್ನ ಪೆಟ್ಟಿಗೆ ಮೈಲಿಗೆ ಎಂದುಕೊಂಡ ಲಿಫ್ಟಪ್ಪ ಅದಕ್ಕೊಂದು ಸೇಡು ಹುಡುಕಿಕೊಂಡಿದ್ದ. ಅವರು ಮೆಟ್ಟಿಲು ಹತ್ತುವಾಗ ಖಾಲಿ ಲಿಫ್ಟನ್ನು ಪಕ್ಕದಲ್ಲೇ ನಿಧಾನಕ್ಕೆ ಓಡಿಸಿಕೊಂಡು ಹೋಗಿ, ಪ್ರತಿ ಮಹಡಿಯಲ್ಲೂ ಜಾಲರಿಯ ಹಿಂದಿನಿಂದ ಮುಖ ತೋರಿಸಿ "ಬರ್ತೀರಾ ಮೇಷ್ಟ್ರೇ?" ಎನ್ನುತ್ತಿದ್ದ. ಮೇಷ್ಟ್ರು ಏದುಸಿರಿನಲ್ಲಿ ತಲೆಯಾಡಿಸುತ್ತಿದ್ದರು.

ಇಂಥವರ ಮುಂದೆ ಈಗ ಕೈಕಟ್ಟಿ ಕೂರಬೇಕಾಯಿತು.

ಮೊದಲ ಸಂಜೆ ಮೇಷ್ಟ್ರು, ದೇವರು ಒಬ್ಬನೇ, ಆದರೆ ತಂದೆ, ಮಗ, ಪವಿತ್ರಾತ್ಮ ಎಂದು ಮೂವರು, ಇದು ಹೇಗೆ ಎಂದು ಕೇಳಿದರು. ಲಿಫ್ಟಪ್ಪ ತಯಾರಾಗಿಯೇ ಬಂದಿದ್ದ. ಲಿಫ್ಟು ಒಂದೇ, ನೆಲ ಮಹಡಿಯಲ್ಲಿ ನಿಂತಾಗ ಒಂದು, ಎರಡನೆಯದರಲ್ಲಿ ನಿಂತಾಗ ಇನ್ನೊಂದು, ನಾಲ್ಕರಲ್ಲಿ ನಿಂತಾಗ ಮತ್ತೊಂದು ಎಂದ. ಸ್ಕೇಲು ಮೇಜಿನ ಮೇಲೆ ಟಪ್ಪೆಂದಿತು. ಒಬ್ಬನೇ ಮೂರು ಕಡೆ ಮೂರು ವೇಷ ಹಾಕುತ್ತಾನೆಂಬ ಈ ಮಾತು ತಪ್ಪು, ಸಭೆಯ ಹಳೆಯ ಹಿರಿಯರು ಇದನ್ನು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ತಳ್ಳಿಹಾಕಿದ್ದಾರೆ ಎಂದರು. ಲಿಫ್ಟಪ್ಪ ಬೆವರೊರೆಸಿಕೊಂಡು, ಹಾಗಾದರೆ ಮೋಟಾರು, ಹಗ್ಗ, ಪೆಟ್ಟಿಗೆ, ಈ ಮೂರೂ ಸೇರಿ ಒಂದು ಲಿಫ್ಟು ಎಂದ. ಟಪ್. ದೇವರು ಬಿಡಿಭಾಗ ಜೋಡಿಸಿ ಮಾಡಿದ ಯಂತ್ರವಲ್ಲ, ಇದನ್ನೂ ತಳ್ಳಿಹಾಕಿ ಆಗಿದೆ. ಮಾಲೀಕರು, ಮ್ಯಾನೇಜರು, ಲಿಫ್ಟಿನವನು ಎಂದು ಶುರು ಮಾಡುವಷ್ಟರಲ್ಲಿ ಸ್ಕೇಲು ಮೊದಲೇ ಬಿತ್ತು. ಮಗನನ್ನು ಸಂಬಳದ ಆಳು ಮಾಡಿದ್ದೀಯ, ಇದಂತೂ ಎಲ್ಲಕ್ಕಿಂತ ಕೆಟ್ಟದ್ದು.

ಲಿಫ್ಟಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಅವನಿಗೆ ಬೇಜಾರಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು. "ಅಲ್ಲ ಮೇಷ್ಟ್ರೇ, ಲಿಫ್ಟು ಹುಟ್ಟೋಕೆ ಮುಂಚೇನೇ ನನ್ನ ಲಿಫ್ಟಿಗೆ ಛೀಮಾರಿ ಹಾಕಿಬಿಟ್ಟಿದ್ದಾರಾ?"

ಮೇಷ್ಟ್ರು ನಗಲಿಲ್ಲ. ಮುಂದಿನ ವಾರ ಬಾ ಎಂದರು.

ಮುಂದಿನ ವಾರ ಎರಡನೆಯ ಪ್ರಶ್ನೆ. ದೇವರು ಮನುಷ್ಯನನ್ನು ಯಾಕೆ ಮಾಡಿದ, ನಮ್ಮ ಬದುಕಿಗೆ ಏನರ್ಥ. ಇದಕ್ಕೆ ಲಿಫ್ಟಪ್ಪ ಪುಸ್ತಕ ನೋಡಲಿಲ್ಲ, ತನ್ನ ಮುಕ್ಕಾಲಿಯನ್ನೇ ನೆನೆದು ಹೇಳಿದ.

"ಬೇಜಾರಾಗಿರಬೇಕು ಮೇಷ್ಟ್ರೇ. ಒಬ್ಬನೇ ಪೆಟ್ಟಿಗೇಲಿ ನಿಂತ್ಕೊಂಡಿದ್ರೆ ನನಗೂ ಹಾಗೇ ಆಗತ್ತೆ. ಯಾರಾದ್ರೂ ಹತ್ತಲಿ ಅನ್ಸತ್ತೆ."

ಸ್ಕೇಲು ಎದ್ದಿತು, ಆದರೆ ಯಾಕೋ ಬೀಳಲಿಲ್ಲ. ಮೇಷ್ಟ್ರು ಮೆಲ್ಲಗೆ ಹೇಳಿದರು. ಆತ ಒಂಟಿಯಾಗಿರಲಿಲ್ಲ. ತಂದೆ, ಮಗ, ಆತ್ಮ ಎಂದು ಮೊದಲಿನಿಂದಲೂ ಆತನೊಳಗೇ ಪ್ರೀತಿ ತುಂಬಿ ತುಳುಕುತ್ತಿತ್ತು. ಏನೋ ಕೊರತೆಯಾಗಿ ಆತ ನಮ್ಮನ್ನು ಮಾಡಿದ್ದಲ್ಲ.

"ಅಂದ್ರೆ ನಾವು ಇಲ್ಲದಿದ್ರೂ ಆಗ್ತಿತ್ತು," ಎಂದ ಲಿಫ್ಟಪ್ಪ.

"ಆಗ್ತಿತ್ತು."

"ಆದ್ರೂ ಮಾಡಿದ."

"ಆದ್ರೂ ಮಾಡಿದ. ಆತನ ಸಂತೋಷದಲ್ಲಿ ನಾವೂ ಪಾಲು ತಗೊಳ್ಳಲಿ ಅಂತ."

ಲಿಫ್ಟಪ್ಪ ಕೆಳಗಿಳಿದು ಬಂದು ಗೋಡೆಗೆ ಒರಗಿ ಮುಕ್ಕಾಲಿಯ ಮೇಲೆ ಕೂತ. ಆಚೆಯಿಂದ ಹೆಂಗಸು "ಐದನೇ ಮಹಡಿ" ಎಂದಳು. ಅವನಿಗೆ ಕೇಳಿಸಲಿಲ್ಲ. ಈ ಮಾತು ಒಂದು ಗೀಟು ಒಳಗೆ ಇಳಿದಿತ್ತು, ಪೂರ್ತಿ ಇಳಿದಿರಲಿಲ್ಲ. ಅವನು ಇನ್ನೂ ಪಾಸಾಗಿರಲಿಲ್ಲ ಕೂಡ. ಮೊದಲ ಪ್ರಶ್ನೆ ಬಾಕಿಯಿತ್ತು. ಅದಕ್ಕೆ ಶನಿವಾರ ಸಂಜೆ ಕೊನೆಯ ಅವಕಾಶ. ಭಾನುವಾರ ಬೆಳಿಗ್ಗೆ ದೀಕ್ಷಾಸ್ನಾನ.

ಉತ್ತರ ಹೊಳೆಯಲಿಲ್ಲವಾದ್ದರಿಂದ ಲಿಫ್ಟಪ್ಪ ಬೇರೆ ದಾರಿ ಹಿಡಿದ. ಬಾಯಲ್ಲಿ ಸೋತವನು ಕೈಯಲ್ಲಿ ಗೆಲ್ಲಬೇಕು. ಮಗುವನ್ನು ಎಷ್ಟು ಚೆನ್ನಾಗಿ ಹಿಡಿಯುತ್ತೇನೆಂದು ಮೇಷ್ಟ್ರ ಕಣ್ಣಿಗೆ ಬಿದ್ದರೆ ಅವರ ಮನಸ್ಸು ಕರಗೀತು. ನಾಲ್ಕನೇ ಮಹಡಿಯಲ್ಲಿ ಜಾಲರಿ ಸರಿಯಬೇಕು. ಒಳಗೆ ತಾನು, ಎರಡೂ ಕೈಯಲ್ಲಿ ಬಿಳಿ ನಿಲುವಂಗಿಯ ಮಗು, ಪಟದಲ್ಲಿ ಬಿಡಿಸಿಟ್ಟ ಹಾಗೆ. ಒಂದೇ ತೊಡಕು. ಎರಡೂ ಕೈಯಲ್ಲಿ ಮಗುವಿದ್ದರೆ ಹಿಡಿಕೆ ಒತ್ತುವುದು ಯಾವುದರಿಂದ?

ಸೊಂಟದಿಂದ.

ನಗಬೇಡಿ, ಅವನು ವಾರವಿಡೀ ಅಭ್ಯಾಸ ಮಾಡಿದ್ದ. ವಕೀಲರ ಹಳೆಯ ಫೈಲುಗಳ ಕಟ್ಟೊಂದನ್ನು ಟವೆಲ್ಲಿನಲ್ಲಿ ಸುತ್ತಿ, ಎದೆಗೊತ್ತಿಕೊಂಡು, ಸೊಂಟವನ್ನು ಬಲಕ್ಕೆ ತಳ್ಳಿ ಮೇಲೆ, ಎಡಕ್ಕೆ ತಳ್ಳಿ ಕೆಳಗೆ. ಹಲ್ಲಿನ ಡಾಕ್ಟರ ಬಳಿ ಬಂದ ಮುದುಕಿಯೊಬ್ಬಳು, ಲಿಫ್ಟಿನವನು ಫೈಲಿಗೆ ಜೋಗುಳ ಹಾಡುತ್ತ ಕುಣಿಯುವುದನ್ನು ಕಂಡು ಹಲ್ಲುನೋವು ಮರೆತು ಮೆಟ್ಟಿಲಿಳಿದು ಹೋದಳು. ಶನಿವಾರ ಬೆಳಿಗ್ಗೆ ಅವನು ಮಗುವಿನ ಗೌರವಕ್ಕೆಂದು ಜಾಲರಿಯ ಕೀಲುಗಳಿಗೆಲ್ಲ ಎಣ್ಣೆ ಸುರಿದ. ಸುರಿದದ್ದರಲ್ಲಿ ಅರ್ಧ ನೆಲಕ್ಕೇ ಸೇರಿತು.

ಸಂಜೆ ಸೊಸೆ ಮಗುವನ್ನು ಕರೆತಂದಳು. ಅಳತೆ ನೋಡಲು ನಾಳೆಯ ನಿಲುವಂಗಿಯನ್ನೇ ತೊಡಿಸಿದ್ದಳು. ಅದು ಮಗುವಿಗಿಂತ ಎರಡರಷ್ಟು ಉದ್ದ, ಹಾಲಿನಷ್ಟು ಬಿಳುಪು. ಒಂದು ಕಲೆ ಬಿದ್ದರೂ ನಿನ್ನ ಜೊತೆ ಮಾತು ಬಿಡ್ತೀನಿ ಮಾವ ಎಂದು ಎಚ್ಚರಿಸಿ, ಅವಳೂ ವಿಮೆ ಏಜೆಂಟೂ ಹೊಸ ಲಿಫ್ಟಿನಲ್ಲಿ ಮುಂದೆ ಹೋದರು. ಲಿಫ್ಟಪ್ಪ ಮಗುವನ್ನು ಎದೆಗೆ ಹಿಡಿದು, ಕಾಲಿನಿಂದ ಜಾಲರಿ ಎಳೆದುಕೊಂಡು, ಸೊಂಟ ಬಲಕ್ಕೆ ಕೊಟ್ಟ. ಪೆಟ್ಟಿಗೆ ಹೊರಟಿತು. ಮಗು ಅವನ ಮೀಸೆಯನ್ನು ನೋಡಿತು. ನೋಡುತ್ತ ನೋಡುತ್ತ ಎರಡೂ ಮುಷ್ಟಿಯಲ್ಲಿ ಹಿಡಿಯಿತು.

ಮೂರು ದಾಟಿ ನಾಲ್ಕಕ್ಕೆ ಇನ್ನೂ ಒಂದೂವರೆ ಆಳೆತ್ತರ ಬಾಕಿ. ಮೇಲಿನಿಂದ ವಿಮೆ ಏಜೆಂಟಿನ ದನಿ ಇಳಿದು ಬಂತು: "ಹಿರಿಯರೇ, ಕತ್ತು ಹುಷಾರು, ಕತ್ತು ಹಿಡ್ಕೊಳ್ಳಿ."

ಹಿಡಿದಿದ್ದ ಕತ್ತನ್ನು ಹಿಡಿ ಎಂದು ಹೇಳಿಸಿಕೊಳ್ಳುವ ಉರಿ ಎಂಥದೆಂದು ಅನುಭವಿಸಿದವರಿಗೇ ಗೊತ್ತು. ಲಿಫ್ಟಪ್ಪ ಸರಕ್ಕನೆ ಮೇಲಕ್ಕೆ ನೋಡಿದ. ಎಣ್ಣೆಯ ನೆಲದಲ್ಲಿ ಕಾಲು ಜಾರಿತು, ಸೊಂಟ ಹಿಡಿಕೆಯಿಂದ ಕಳಚಿತು, ಪೆಟ್ಟಿಗೆ ಗಕ್ಕನೆ ನಿಂತಿತು, ನಿಲುವಂಗಿಯ ಬಾಲ ಹಾರಿ ಜಾಲರಿಯ ಸಂದಿಗೆ ಹೋಗಿ ಕಚ್ಚಿಕೊಂಡಿತು. ಜಾಲರಿ ಒಂದು ಬೆರಳಿನಷ್ಟು ಬಾಯಿ ಬಿಟ್ಟಿತು. ಸೊಂಟ ಬಲಕ್ಕೆ ಕೊಟ್ಟ, ಇಲ್ಲ. ಎಡಕ್ಕೆ ಕೊಟ್ಟ, ಇಲ್ಲ.

ಕೆಟ್ಟದ್ದು ಏನೂ ಇರಲಿಲ್ಲ. ಮೋಟಾರು ಸರಿಯಿತ್ತು, ಹಗ್ಗ ಸರಿಯಿತ್ತು. ಜಾಲರಿಯನ್ನು ತುಸು ಎತ್ತಿ, ಬಟ್ಟೆ ಬಿಡಿಸಿ, ಬುಡಕ್ಕೊಂದು ಒದೆ ಕೊಟ್ಟರೆ ಮುಗಿಯಿತು. ಆದರೆ ಎರಡೂ ಕೈಯಲ್ಲಿ ಮಗು. ಕೆಳಗಿಟ್ಟರೆ ನೆಲದ ತುಂಬ ಎಣ್ಣೆ. ಮುಕ್ಕಾಲಿಯ ಮೇಲಿಟ್ಟರೆ ಉರುಳೀತು. ಇಡೋಣವೆಂದರೂ ಮಗು ಮೀಸೆ ಬಿಡಬೇಕಲ್ಲ. ಊರಿಗೇ ಹೆಸರಾದ ಲಿಫ್ಟಿನವನು ತನ್ನದೇ ಪೆಟ್ಟಿಗೆಯಲ್ಲಿ, ಏನೂ ಕೆಡದ ಲಿಫ್ಟಿನಲ್ಲಿ, ಬರೀ ಕೈ ಸಾಲದೆ ನಿಂತುಬಿಟ್ಟ.

ಸುದ್ದಿ ಹಬ್ಬಿತು. ಜನ ಸೇರಿತು. ಮೂರನೇ ಮಹಡಿಯಿಂದ ಮೇಲಕ್ಕೆ ನೋಡುವವರು, ನಾಲ್ಕನೆಯದರಿಂದ ಕೆಳಕ್ಕೆ ಬಗ್ಗುವವರು, ಎಲ್ಲರ ಬಾಯಲ್ಲೂ ಸಲಹೆ. ಕನ್ನಡಕದವರು ಫ್ಯೂಸು ಹೋಗಿದೆ ಎಂದರು. ಡಾಕ್ಟರು ಬಾಯಿ ಅಗಲಿಸಿ ಉಸಿರು ಬಿಡಲು ಹೇಳಿದರು. ವಕೀಲರು, ಯಾರೇನು ಕೇಳಿದರೂ ಈಗಲೇ ಏನನ್ನೂ ಒಪ್ಪಿಕೊಳ್ಳಬೇಡ ಎಂದರು. ವಿಮೆ ಏಜೆಂಟು ಕಣ್ಣು ಮುಚ್ಚಿ ದೊಡ್ಡ ದನಿಯಲ್ಲಿ ಪ್ರಾರ್ಥನೆ ಶುರು ಮಾಡಿದ. ಅದರೊಳಗೆ ದೇವರಿಗಿಂತ ಹೆಚ್ಚು ಸಲ ಲಿಫ್ಟಪ್ಪನ ಅಜಾಗರೂಕತೆಯ ಹೆಸರು ಬಂತು. ನೋಡಲು ಬರುವವರನ್ನು ಹೊತ್ತು ತರುತ್ತಿದ್ದ ಹೊಸ ಲಿಫ್ಟಿನ ಹೆಂಗಸು "ನಾಲ್ಕನೇ ಮಹಡಿ, ನಾಲ್ಕನೇ ಮಹಡಿ" ಎಂದು ಹೇಳಿ ಹೇಳಿ ದಣಿದಳು. ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಮಗುವನ್ನು ಹಿಡಿದುಕೊಳ್ಳುವವರು ಒಬ್ಬರೂ ಇರಲಿಲ್ಲ.

ಕೊನೆಗೆ ಲಿಫ್ಟಪ್ಪ ಮಾನ ಬಿಟ್ಟು ನಿಜ ಹೇಳಿದ. "ಲಿಫ್ಟು ಸರಿ ಇದೆ ಸ್ವಾಮಿ. ನನಗೆ ಎರಡು ಕೈ ಕಡಿಮೆ ಬಿದ್ದಿದೆ. ಯಾರಾದ್ರೂ ಒಳಗೆ ಬನ್ನಿ."

ಒಳಗೆ ಬರಲು ದಾರಿಯೊಂದಿತ್ತು. ವಾಚ್‌ಮನ್ ಕರೆಂಟು ತೆಗೆದು, ನಾಲ್ಕನೇ ಮಹಡಿಯ ಬಾಗಿಲಿಗೆ ಕೀಲಿ ಹಾಕಿ ತೆರೆದರೆ, ಕೆಳಗೆ ಪೆಟ್ಟಿಗೆಯ ಚಾವಣಿ ಕೈಗೆಟುಕುವಷ್ಟು ಹತ್ತಿರ. ಚಾವಣಿಯಲ್ಲಿ ಒಂದು ಚೌಕದ ಮುಚ್ಚಳ. ಅದನ್ನೆತ್ತಿ ಇಳಿಯಬೇಕು. ಸಲಹೆಗಳೆಲ್ಲ ಒಮ್ಮೆಲೇ ನಿಂತವು. ಸೊಸೆ ಮುಂದೆ ಬಂದಳು, ಡಾಕ್ಟರು ಹಲ್ಲಿನವರಾದರೂ ತಡೆದರು. ಅವಳ ಹೊಟ್ಟೆಯ ಹೊಲಿಗೆ ಇನ್ನೂ ಹಸಿಯಾಗಿತ್ತು. ಎಲ್ಲರೂ ವಿಮೆ ಏಜೆಂಟನ್ನು ನೋಡಿದರು. ಅವನು ಕೋಟಿನ ಅಂಚು ಸವರಿಕೊಂಡು, ತಾನು ಮೇಲಿನಿಂದ ಗೈಡ್ ಮಾಡುತ್ತೇನೆ ಎಂದ.

ಆಗ ಗುಂಪಿನ ಹಿಂದೆ ಗೋಡೆಗೆ ಒರಗಿ ನಿಂತಿದ್ದ ಸ್ಕೇಲು ಮೇಷ್ಟ್ರು ಬೂಟು ಕಳಚಿದರು. ಅವರ ಮುಖ ಸುಣ್ಣದ ಹಾಗಿತ್ತು. ಸ್ಕೇಲನ್ನು ಸೊಸೆಯ ಕೈಗೆ ಕೊಟ್ಟರು. ಅದು ಅವರ ಕೈಬಿಟ್ಟದ್ದನ್ನು ಯಾರೂ ಹಿಂದೆ ಕಂಡಿರಲಿಲ್ಲ.

ಲಿಫ್ಟಪ್ಪ ಒಳಗೆ ನಿಂತು ನೋಡುತ್ತಿದ್ದ. ಮುಚ್ಚಳ ಎದ್ದಿತು, ಧೂಳುದುರಿತು. ಮೊದಲು ಒಂದು ಕಾಲು ಬಂತು, ಆಮೇಲೆ ಇನ್ನೊಂದು. ಕಾಲುಚೀಲ ತೂತಾಗಿ ಎಡಗಾಲಿನ ಹೆಬ್ಬೆರಳು ಪೂರ್ತಿ ಹೊರಗೆ ಇಣುಕುತ್ತಿತ್ತು. ಮೊಣಕಾಲು ಬಂತು, ತೊಡೆ ಬಂತು, ಹೊಟ್ಟೆ ಬರಲಿಲ್ಲ. ಮೇಷ್ಟ್ರು ಅರ್ಧ ಮೇಲೆ ಅರ್ಧ ಕೆಳಗೆ ಸಿಕ್ಕಿಹಾಕಿಕೊಂಡು ಗಾಳಿಯಲ್ಲಿ ಕಾಲು ಬಡಿಯತೊಡಗಿದರು. ಮೇಲಿನಿಂದ ಏಜೆಂಟು, ಉಸಿರು ಒಳಗೆ ಎಳೆದುಕೊಳ್ಳಿ ಎಂದು ಗೈಡ್ ಮಾಡಿದ. ಕೆಳಗೆ ಲಿಫ್ಟಪ್ಪ ತನ್ನ ಹೆಗಲನ್ನು ಆ ಕಾಲಿನ ಕೆಳಗೆ ಕೊಟ್ಟ. ಹೆಬ್ಬೆರಳು ಮಗುವಿನ ಮೂಗಿನ ಮುಂದೆ ಬಂತು. ಮಗು ಒಂದು ಕ್ಷಣ ಮೀಸೆಯನ್ನೂ ಹೆಬ್ಬೆರಳನ್ನೂ ತೂಗಿ ನೋಡಿತು. ಮೀಸೆ ಬಿಟ್ಟು ಹೆಬ್ಬೆರಳು ಹಿಡಿಯಿತು.

ಮೇಷ್ಟ್ರಿಗೆ ಕಚಗುಳಿ. ಅವರು ಕುಲುಕಾಡಿದ ರಭಸಕ್ಕೆ ಹೊಟ್ಟೆ ಸಡಿಲಾಗಿ, ಮೂಟೆ ಜಾರಿದ ಹಾಗೆ ಜಾರಿ, ನೇರವಾಗಿ ಮುಕ್ಕಾಲಿಯ ಮೇಲೆ ಇಳಿದರು. ಮುಕ್ಕಾಲಿಯ ಒಂದು ಕಾಲು ಮುರಿಯಿತು. ಮೇಷ್ಟ್ರದು ಉಳಿಯಿತು.

ಅವರು ಎದ್ದು ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಬಿಗಿಯಾಗಿ ಮುಚ್ಚಿ, ಕೈ ಚಾಚಿದರು. ಲಿಫ್ಟಪ್ಪ ಮಗುವನ್ನು ಆ ಕೈಗಿಟ್ಟ. ಮೇಷ್ಟ್ರ ಹಣೆಯಿಂದ ಬೆವರು ಇಳಿಯುತ್ತಿತ್ತು. ಆಗ ಲಿಫ್ಟಪ್ಪನಿಗೆ ವರ್ಷಗಳ ಆ "ಕಾಲಿದೆಯಪ್ಪ" ಅರ್ಥವಾಯಿತು. ಮೈಲಿಗೆಯಲ್ಲ, ಭಯ.

"ಚಿಕ್ಕವನಿದ್ದಾಗ ನಮ್ಮಣ್ಣ ಆಟಕ್ಕೆ ಟ್ರಂಕಿನೊಳಗೆ ಕೂಡಿಹಾಕಿ ಮರೆತುಬಿಟ್ಟಿದ್ದ," ಎಂದರು ಮೇಷ್ಟ್ರು, ಕಣ್ಣು ತೆರೆಯದೆ. "ಏನಾದ್ರೂ ಮಾತಾಡಪ್ಪ. ಸುಮ್ನಿರಬೇಡ."

ಲಿಫ್ಟಪ್ಪ ಜಾಲರಿಗೆ ಎರಡೂ ಕೈ ಹಾಕಿ ಬಟ್ಟೆ ಬಿಡಿಸುತ್ತಿದ್ದ. ಬೇರೇನೂ ತೋಚದೆ ಪರೀಕ್ಷೆಯ ಉತ್ತರವನ್ನೇ ಹೇಳತೊಡಗಿದ.

"ದೇವರು ಎಂಥವನು ಅಂತ ಕೇಳಿದ್ರಲ್ಲ. ಈಗ ಗೊತ್ತಾಯ್ತು. ನಿಮ್ಮ ಹಾಗೆ."

"ತಪ್ಪು," ಎಂದರು ಮೇಷ್ಟ್ರು ತಕ್ಷಣ. ಸ್ಕೇಲಿಲ್ಲದ ಕೈಯಲ್ಲಿ ಮಗುವಿತ್ತು, ಇಲ್ಲದಿದ್ದರೆ ಟಪ್ಪೆನ್ನುತ್ತಿತ್ತು.

"ಮೇಲೆ ನಿಂತು ಕೂಗಲಿಲ್ಲ, ಇಳಿದು ಬಂದ್ರಿ. ಇಷ್ಟ ಇಲ್ದಿದ್ರೂ ಬಂದ್ರಿ."

"ಅಲ್ಲೇ ತಪ್ಪು. ಇಷ್ಟ ಇಲ್ದೆ ಬಂದೋನು ನಾನು. ಆತ ಇಷ್ಟಪಟ್ಟು ಬಂದ. ಮತ್ತೆ, ಆತನಿಗೆ ಹೀಗೆ ಹೆದರಿಕೆ..." ಮೇಷ್ಟ್ರು ನಿಲ್ಲಿಸಿದರು. "ಇಲ್ಲ. ಹೆದರಿಕೆ ಆಗಿತ್ತು. ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ತೋಟದಲ್ಲಿ ಬೆವರಿದ್ದ. ಅದು ಸರಿ. ಆದ್ರೆ ಸಿಕ್ಕಿಹಾಕಿಕೊಳ್ಳಲಿಲ್ಲ."

"ಸಿಕ್ಕಿಹಾಕಿಕೊಂಡನಲ್ಲ ಮೇಷ್ಟ್ರೇ," ಎಂದ ಲಿಫ್ಟಪ್ಪ. "ಕೈಗೂ ಕಾಲಿಗೂ ಮೊಳೆ ಹೊಡೆದಿದ್ರಲ್ಲ."

ಮೇಷ್ಟ್ರು ಕಣ್ಣು ತೆರೆದರು. ಪೆಟ್ಟಿಗೆಯನ್ನು ಮೊದಲ ಸಲ ನೋಡಿದರು: ಹಿತ್ತಾಳೆ ಹಿಡಿಕೆ, ಮುರಿದ ಮುಕ್ಕಾಲಿ, ಎಣ್ಣೆಯ ನೆಲ, ಜಾಲರಿಗೆ ಜೋತುಬಿದ್ದ ಬೋಳು ತಲೆ. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಗು ಅವರ ಅಂಗಿಯ ಮೇಲೆ ಬೆಚ್ಚಗೆ ತನ್ನ ಅಭಿಪ್ರಾಯ ತಿಳಿಸಿತು. ಮೇಷ್ಟ್ರು ಅದುವರೆಗೆ ಮಗುವನ್ನು ಎತ್ತಿಕೊಂಡವರಲ್ಲ. ಇಂಥದ್ದಕ್ಕೆ ಏನು ಮಾಡಬೇಕೆಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅವರು ನಕ್ಕರು. ಆ ನಗು ಮೇಲಿನವರಿಗೂ ಕೆಳಗಿನವರಿಗೂ ಕೇಳಿಸಿ, ಮೇಷ್ಟ್ರಿಗೆ ತಲೆ ಕೆಟ್ಟಿತೆಂದೇ ಎಲ್ಲರೂ ತಿಳಿದರು.

ಜಾಲರಿಯ ಬುಡಕ್ಕೆ ಒದೆ ಬಿತ್ತು. ವಾಚ್‌ಮನ್ ಕರೆಂಟು ಕೊಟ್ಟ. ಲಿಫ್ಟಪ್ಪ ಕೈಯಿಂದಲೇ ಹಿಡಿಕೆ ಒತ್ತಿದ. ನಾಲ್ಕನೇ ಮಹಡಿಯಲ್ಲಿ ಪೆಟ್ಟಿಗೆ ನಿಂತಾಗ ನೆಲಕ್ಕಿಂತ ಒಂದು ಮೆಟ್ಟಿಲಿನಷ್ಟು ಕೆಳಗಿತ್ತು. ಅಂಥ ಅವಮಾನ ಅವನ ಕೈಯಿಂದ ಎಂದೂ ಆಗಿರಲಿಲ್ಲ. ಅವನು ಕ್ಷಮೆ ಕೇಳಿದ. ಮೇಷ್ಟ್ರು ಒದ್ದೆ ಅಂಗಿಯಲ್ಲಿ, ತೂತು ಕಾಲುಚೀಲದಲ್ಲಿ ಮೆಟ್ಟಿಲೇರಿ ಹೊರಬಂದರು.

ಏಜೆಂಟು ಮುಂದೆ ಬಂದು, ದೇವರ ದಯೆಯಿಂದ ಎಲ್ಲ ಸುಸೂತ್ರವಾಯಿತು, ಲಿಫ್ಟಪ್ಪನ ಪರೀಕ್ಷೆಯ ವಿಷಯ ಏನಾಯಿತು ಎಂದು ಕೇಳಿದ. ಉತ್ತರದಲ್ಲಿ ಇನ್ನೂ ತಪ್ಪಿದೆ ಎಂದರು ಮೇಷ್ಟ್ರು. ಏಜೆಂಟಿನ ಕೈ ತಾನಾಗಿಯೇ ಕೋಟಿನ ಗುಂಡಿಗೆ ಹೋಯಿತು. ಲಿಫ್ಟಪ್ಪ ತನ್ನ ಎಣ್ಣೆಗೈಯನ್ನು ನೋಡಿಕೊಂಡ.

"ತಪ್ಪಿಲ್ಲದ ಉತ್ತರ ನನಗೂ ಇನ್ನೂ ಸಿಕ್ಕಿಲ್ಲ," ಎಂದು ಮೇಷ್ಟ್ರು ಸೊಸೆಯಿಂದ ಸ್ಕೇಲು ತೆಗೆದುಕೊಂಡರು. "ನಾಳೆ ಮಗು ಹಿಡ್ಕೊಳ್ಳೋನು ಇವನೇ. ಇವನಿಗಿಂತ ಗಟ್ಟಿಯಾಗಿ ಹಿಡಿದೋರನ್ನ ನಾನು ನೋಡಿಲ್ಲ. ಮಗೂನ ಕೈಯಿಂದ ಬಿಟ್ಟಿದ್ರೆ ಮಾನ ಉಳೀತಿತ್ತು. ಬಿಡಲಿಲ್ಲ."

ನಿಲುವಂಗಿಯ ಬಾಲಕ್ಕೆ ಅಂಗೈ ಅಗಲದ ಎಣ್ಣೆ ಕಲೆಯಾಗಿತ್ತು. ಸೊಸೆ ಅದನ್ನು ನೋಡಿದಳು, ಮಾವನನ್ನು ನೋಡಿದಳು, ಮಾತು ಬಿಡಲಿಲ್ಲ. ಲಿಫ್ಟಪ್ಪ ಅವಳನ್ನು ಪಕ್ಕಕ್ಕೆ ಕರೆದು, ಆ ವಚನ ಗೊತ್ತಿರುವವನೇ ಇರಲಿ, ನಾನೇ ಯಾಕಮ್ಮ ಎಂದು ಕೇಳಿದ. "ಯಾರಾದ್ರೂ ಆಗ್ತಿತ್ತು ಮಾವ," ಎಂದಳು ಅವಳು, ಕಲೆಯನ್ನು ಉಗುರಿನಿಂದ ಕೆರೆಯುತ್ತ. "ನನಗೆ ನೀನು ಇರ್ಬೇಕು ಅನ್ನಿಸ್ತು." ಎರಡನೆಯ ಪ್ರಶ್ನೆಯ ಉತ್ತರ ಅವನೊಳಗೆ ಪೂರ್ತಿ ಇಳಿದದ್ದು ಆಗ.

ಭಾನುವಾರ ಪಾದ್ರಿಗಳು ನೀರು ಹಾಕಿದಾಗ ಮಗು ಕಿರುಚಿತು, ಮೀಸೆ ಹಿಡಿಯಿತು. ಪ್ರಶ್ನೆಗಳಿಗೆಲ್ಲ ಲಿಫ್ಟಪ್ಪ ಮೀಸೆ ಎಳೆಸಿಕೊಂಡೇ ಉತ್ತರ ಹೇಳಿದ. ಮಗುವನ್ನು ಸಭೆಗೆ ತೋರಿಸಲು ಎತ್ತಿದಾಗ, ಅಭ್ಯಾಸಬಲದಿಂದ, ಇಲ್ಲದ ಹಿಡಿಕೆಗೆ ಸೊಂಟ ಬಲಕ್ಕೆ ಕೊಟ್ಟ. ಇಡೀ ಚರ್ಚು ನೋಡಿತು. ಮೊದಲ ಸಾಲಿನಲ್ಲಿ ಮೇಷ್ಟ್ರು ಹೊಸ ಕಾಲುಚೀಲ ಹಾಕಿಕೊಂಡು ಕೂತಿದ್ದರು.

ಸೋಮವಾರ ಅವರು ಪಾಠಕ್ಕೆ ಬಂದರು. ಲಿಫ್ಟಪ್ಪ ಜಾಲರಿ ಸರಿಸಿದ. ಮೇಷ್ಟ್ರು ಒಳಗೆ ನೋಡಿದರು, ಬೆವರಿದರು, "ಕಾಲಿದೆಯಪ್ಪ" ಎಂದರು. ಭಯ ಒಂದು ಶನಿವಾರಕ್ಕೆ ಹೋಗುವಂಥದ್ದಲ್ಲ. ಲಿಫ್ಟಪ್ಪ ಎಂದಿನಂತೆ ಪಕ್ಕದಲ್ಲಿ ಲಿಫ್ಟು ಓಡಿಸಲಿಲ್ಲ. ಜಾಲರಿ ಎಳೆದು, ಹೊರಗೆ ಬಂದು, ಅವರ ಜೊತೆ ಮೆಟ್ಟಿಲು ಹತ್ತತೊಡಗಿದ. ಎರಡನೆಯ ಮಹಡಿಗೆ ಅವನಿಗೇ ಏದುಸಿರು ಬಂತು. ಆ ಕಟ್ಟಡದ ಮೆಟ್ಟಿಲುಗಳನ್ನು ಅವನು ಮೆಟ್ಟಿದ್ದೇ ಅಪರೂಪ. ಕೆಳಗೆ ಹಲ್ಲಿನ ಡಾಕ್ಟರ ರೋಗಿಗಳು ಗಂಟೆ ಬಾರಿಸುತ್ತಲೇ ಇದ್ದರು. ಪಕ್ಕದಲ್ಲಿ ಹೊಸ ಹೆಂಗಸು ಇದ್ದಾಳಲ್ಲ, ಕರೆದುಕೊಂಡು ಹೋಗುತ್ತಾಳೆ ಬಿಡಿ ಎಂದು ಅವನು ಮೆಟ್ಟಿಲಿನಿಂದಲೇ ಹೇಳಿದ, ಸಿಟ್ಟಿಲ್ಲದೆ.

ಈಗ ನಿಮ್ಮ ವಿಷಯ. ನಿಮಗೆ ಗೊತ್ತಿರುವ ಒಬ್ಬರು ಇದೇ ಹೊತ್ತಿನಲ್ಲಿ ಎರಡು ಮಹಡಿಗಳ ನಡುವೆ, ಎರಡೂ ಕೈ ತುಂಬಿಕೊಂಡು ನಿಂತಿದ್ದಾರೆ. ಯಾರೆಂದು ಇಷ್ಟು ಹೊತ್ತಿಗೆ ನಿಮಗೆ ನೆನಪಾಗಿದೆ, ನಾಟಕ ಬೇಡ. ಅವರಿಗೆ ಫೋನಿನಲ್ಲಿ ಬುದ್ಧಿ ಹೇಳಿದ್ದೀರಿ, ಫ್ಯೂಸು ನೋಡು ಎಂದಿದ್ದೀರಿ, ಪ್ರಾರ್ಥಿಸುತ್ತೇವೆ ಎಂದು ಬರೆದು ಕೈಮುಗಿದ ಚಿತ್ರ ಕಳಿಸಿದ್ದೀರಿ. ಪ್ರಾರ್ಥಿಸಿ, ಬೇಡವೆನ್ನುವುದಿಲ್ಲ. ಆದರೆ ಮೇಲೆ ತೋರಿಸುತ್ತಿರುವ ಆ ಬೆರಳನ್ನು ಮಡಚಿ, ಕೋಟು ಬಿಚ್ಚಿ, ಕಾಲುಚೀಲ ತೂತಾಗಿದ್ದರೂ ಪರವಾಗಿಲ್ಲ, ಹೊಟ್ಟೆ ಸಿಕ್ಕಿಕೊಂಡರೂ ಪರವಾಗಿಲ್ಲ, ಈ ಪುಟ ಮಡಿಸಿಟ್ಟು ಅವರ ಬಳಿಗೆ ಇಳಿದು ಹೋಗಿ.